ಜೊತೆಗೆ ಬಂದವರು

“ಅಮ್ಮಾರ, ಈ ಡಾಕ್ಟರ್ ಶ್ರೀಪಾದರಾವ್ ಎಲ್ಲಿ ಅದಾರ್ರಿ?” ಕಲಬುರಗಿಯ ಆಸ್ಪತ್ರೆಯೊಂದರ ಕೌಂಟರಿನಲ್ಲಿದ್ದ ಮೌನೇಶ, ರಂಜನಾ ತುಂಬಿಕೊಟ್ಟ ಫಾರ್ಮಿನ ಮೇಲೆ ಬೆರಳಿಟ್ಟ. ‘ಜೊತೆಗೆ ಬಂದವರು’ ಎಂಬಲ್ಲಿ ಅವಳು ಬರೆದ ಹೆಸರು ಅದು. “ಆಪರೇಷನ್ ಮುಗಿಯೋ ತನಕ ಅವರು ಹೊರಗ ಕೂಡಬೇಕ್ರಿ. ಯಾರೂ ಇಲ್ಲಂದ್ರ ನಿಮ್ಮನ್ನ ಒಳಗ ಬಿಡಂಗಿಲ್ಲ.”

“ಅವರು ನಮ್ಮ ಮುತ್ತಜ್ಜ. ತೀರಿಕೊಂಡು ನೂರು ವರ್ಷದ ಮ್ಯಾಲಾತು.”

ಮೌನೇಶ ತಲೆಯೆತ್ತಿದ. ಒಂದು ಚಾದರ, ಒಂದು ಲೋಟ ಇಟ್ಟುಕೊಂಡ ಚೀಲವನ್ನು ಬಗಲಿಗೆ ಹಾಕಿಕೊಂಡು ನಿಂತಿದ್ದ ಅರವತ್ತರ ಈ ಹೆಂಗಸು ತಮಾಷೆ ಮಾಡುವವಳಂತೆ ಕಾಣಲಿಲ್ಲ.

“ಕಮಲಾಪುರದಾಗ ಅವರ ದವಾಖಾನಿ ಇತ್ತು,” ಎಂದಳು ರಂಜನಾ. “ರೋಗಿ ಹೆಸರು, ರೋಗ, ಜೊತೀಗೆ ಬಂದವರು, ಎಲ್ಲಾ ಬುಕ್ಕಿನಾಗ ಬರೀತಿದ್ರು. ಒಬ್ಬರೇ ಬಂದವರ ಮುಂದ ತಮ್ಮ ಹೆಸರೇ ಬರದು, ಜ್ವರ ಇಳಿಯೋ ತನಕ ಬಾಜೂಕ ಕೂಡ್ತಿದ್ರು. ಇನ್‌ಫ್ಲುಯೆಂಜಾ ಬಂದ ವರ್ಷ ಪುಟಗಟ್ಟಲೆ ಅವರ ಹೆಸರೇ ಅದ. ಕಡೀ ಪುಟದಾಗ ಅವರೇ ರೋಗಿ.” ಅವಳು ಚೀಲದ ಹಿಡಿಯನ್ನು ಸರಿಮಾಡಿಕೊಂಡಳು. “ಅಲ್ಲಿ ಜೊತೀಗೆ ಬಂದವರ ಜಾಗ ಖಾಲಿ ಅದ.”

ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಮೌನೇಶ ಶ್ರೀಪಾದರಾಯರ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತನ್ನ ಹೆಸರು ಬರೆದು ಮುದ್ರೆ ಒತ್ತಿದ. “ನಿಮ್ಮ ಆಪರೇಷನ್ ಮೂರಕ್ಕ ಅದ. ನನ್ನ ಡ್ಯೂಟಿ ಎರಡಕ್ಕ ಮುಗೀತದ್ರಿ. ಹೊರಗ ನಾ ಕೂಡ್ತೀನಿ.”

ರಂಜನಾ ಫಾರ್ಮು ತೆಗೆದುಕೊಂಡಳು. ಮನೆಗೆ ಬೀಗ ಹಾಕುವಾಗ, ಆಟೋ ಹತ್ತುವಾಗ ಒಮ್ಮೆಯೂ ಹಿಂದೆ ನೋಡದಿದ್ದವಳು ಈಗ ಎರಡು ಹೆಜ್ಜೆ ಹೋಗಿ ತಿರುಗಿ, “ತಡ ಆದ್ರೂ ಕೂಡ್ತೀರೇನು?” ಎಂದು ಕೇಳಿದಳು. ತನಗಾಗಿ ಕಾಯುವವರೊಬ್ಬರು ಇದ್ದಾರೆಂದು ತಿಳಿದ ಮೇಲೆ, ಮೊದಲ ಸಲ ಅವಳಿಗೆ ಸಾವಿನ ಹೆದರಿಕೆಯಾಗಿತ್ತು.