ಡಿಸೆಂಬರ್ ತಿಂಗಳ ಪೇಪರು

ಪರದೆಯಲ್ಲಿ ಪುಟ ಮೇಲಿನಿಂದ ಕೆಳಕ್ಕೆ ಬೆರಳಗಲ ಬೆರಳಗಲವಾಗಿ ಇಳಿಯುತ್ತಿತ್ತು. ಮೊದಲು ಪತ್ರಿಕೆಯ ಹೆಸರು: ಕಾಗಿಣಾ ವಾಣಿ. ಆಮೇಲೆ ತಾರೀಖು: 6 ಡಿಸೆಂಬರ್ 1993. ಶ್ರೀವಿದ್ಯಾ ಮೌಸಿನ ಮೇಲಿದ್ದ ಕೈ ತೆಗೆದು ಬೆವರು ಒರೆಸಿಕೊಂಡಳು.

ಶಹಾಬಾದಿನ ಈ ಇಂಟರ್‌ನೆಟ್ ಸೆಂಟರಿಗೆ ಅವಳು ಬರುತ್ತಿರುವುದು ಇದು ಐದನೆಯ ಭಾನುವಾರ. ಪತ್ರಿಕೆಯವರು ಹಳೆಯ ಸಂಚಿಕೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು, ವಾರಕ್ಕೊಂದು ತಿಂಗಳಿನಂತೆ. ಆಗಸ್ಟ್ ಬಂತು, ಸೆಪ್ಟೆಂಬರ್ ಬಂತು, ನವೆಂಬರೂ ಬಂತು. ಅವಳಿಗೆ ಬೇಕಾದದ್ದು ಡಿಸೆಂಬರ್.

"ಹೆಸರು ಹೊಡೆದ್ರ ಸಿಗಂಗಿಲ್ರಿ ಅಕ್ಕಾ," ಎಂದು ಸೆಂಟರಿನ ಲಾಲ್ ಅಹ್ಮದ್ ಮೊದಲ ದಿನವೇ ಹೇಳಿದ್ದ. "ಎಲ್ಲಾ ಫೋಟೊ ಹಿಡದು ಹಾಕ್ಯಾರ. ಒಂದೊಂದ್ ಪುಟಾ ತೆಗೆದು ಓದಬೇಕು."

ಹೆಸರು ಹೊಡೆದು ಉಪಯೋಗವೂ ಇರಲಿಲ್ಲ. ಅವಳು ಹುಡುಕುತ್ತಿದ್ದುದು ಹೆಸರಿಲ್ಲದ ಸುದ್ದಿಯನ್ನು.

ಹದಿನೈದು ವರ್ಷದ ಹಿಂದೆ, ಡಿಸೆಂಬರಿನ ಮೊದಲ ಭಾನುವಾರ, ಅಪ್ಪ ಶ್ರೀನಿವಾಸ ಮಾಸ್ತರು ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಹೋಗಿ ಸಂಜೆಗೆ ಬರುತ್ತೇನೆಂದು ಹೊರಟವರು. ಬರಲಿಲ್ಲ. ಆಗ ಶ್ರೀವಿದ್ಯಾಗೆ ಒಂಬತ್ತು ವರ್ಷ. ಅಪ್ಪ ಬಂದರೆ ಕಾಲು ತೊಳೆಯಲು ಬೇಕೆಂದು ಅವಳೇ ಹೊಸ್ತಿಲ ಪಕ್ಕ ಒಂದು ತಂಬಿಗೆ ನೀರಿಟ್ಟಳು. ಮರುದಿನವೂ ಇಟ್ಟಳು. ಊಟ ಬಿಟ್ಟಳು, ಜ್ವರ ಬಂದು ಮಲಗಿದಳು. ಅಂದಿನಿಂದ ತಂಬಿಗೆ ತುಂಬಿಸುವ ಕೆಲಸ ಅಮ್ಮ ಲೀಲಾಬಾಯಿಯದಾಯಿತು. ಒಂದು ಸಂಜೆಯೂ ತಪ್ಪಿಲ್ಲ. ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ.

ಆ ತಂಬಿಗೆಯನ್ನು ಶ್ರೀವಿದ್ಯಾ ಈಗ ನೋಡದೆಯೇ ದಾಟುತ್ತಾಳೆ. ಅಪ್ಪ ಇನ್ನಿಲ್ಲವೆಂದು ಅವಳ ಮನಸ್ಸು ಎಂದೋ ಒಪ್ಪಿದೆ. ಅಮ್ಮನದು ಒಪ್ಪಿಲ್ಲ. ಅದನ್ನು ಅಮ್ಮನಿಗೆ ಹೇಳುವವರು ಯಾರು?

ಈ ಬೆಳಿಗ್ಗೆಯೂ ಅಮ್ಮ ಕನ್ನಡಕವಿಲ್ಲದೆ, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ ಕುಬಸಕ್ಕೆ ಗುಂಡಿ ಹಚ್ಚುತ್ತಾ ಕೇಳಿದ್ದಳು: "ಪ್ರತಿ ಐತವಾರ ಎಲ್ಲಿಗೆ ಹೋಗ್ತೀ?"

"ಸಾಲಿ ಕೆಲಸ ಅದಮ್ಮಾ." ಸುಳ್ಳು ಸಲೀಸಾಗಿ ಬಂದಿತ್ತು.

ಆರನೆಯ ತಾರೀಖಿನಲ್ಲಿ ಏನೂ ಇರಲಿಲ್ಲ. ಏಳು, ಎಂಟು, ಒಂಬತ್ತರಲ್ಲೂ ಇರಲಿಲ್ಲ. ಹತ್ತರ ಐದನೆಯ ಪುಟದ ತೀರಾ ಕೆಳಗೆ, ಸಿಮೆಂಟ್ ಜಾಹೀರಾತಿನ ಪಕ್ಕ, ನಾಲ್ಕು ಸಾಲು.

'ವಾಡಿ: ಕಳೆದ ಭಾನುವಾರ ಮಧ್ಯಾಹ್ನ ಇಲ್ಲಿ ಹಳಿ ದಾಟುವಾಗ ರೈಲಿಗೆ ಸಿಕ್ಕು ಅಪರಿಚಿತ ವ್ಯಕ್ತಿಯೊಬ್ಬರು ಮೃತಪಟ್ಟಿದ್ದಾರೆ. ವಯಸ್ಸು ಸುಮಾರು ನಲವತ್ತು. ಬಿಳಿ ಅಂಗಿ, ಜೇಬಿಗೆ ಹಸಿರು ದಾರದ ಹೊಲಿಗೆ ಇದೆ. ವಾರಸುದಾರರು ಬಾರದ್ದರಿಂದ ಶವವನ್ನು ಮಣ್ಣು ಮಾಡಲಾಗಿದೆ.'

ಹಸಿರು ದಾರ. ಆಗ ಮನೆಯಲ್ಲಿ ಬಿಳಿ ದಾರ ಮುಗಿದಿತ್ತು. ಅಮ್ಮ ಹಸಿರಿನಲ್ಲೇ ಜೇಬು ಹೊಲಿದಳು, ಅಪ್ಪ "ಗಿಳಿ ಕೂತಂಗ ಕಾಣ್ತದ" ಎಂದು ನಕ್ಕರು. ಶ್ರೀವಿದ್ಯಾ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಲಾಲ್ ಅಹ್ಮದ್ ಫ್ಯಾನು ಅವಳತ್ತ ತಿರುಗಿಸಿ, ಆ ಪುಟದ ಪ್ರಿಂಟು ತೆಗೆದುಕೊಟ್ಟ.

ರಸ್ತೆಗೆ ಬಂದ ಮೇಲೆ ಹೊಳೆಯಿತು: ಆಗ ಈ ಪೇಪರು ಮನೆಗೇ ಬರುತ್ತಿತ್ತಲ್ಲ! ಕಾಲು ನಿಂತಿತು. ಮರುಕ್ಷಣ ನೆನಪಾಯಿತು: ಅಮ್ಮ ಕಣ್ಣು ನೋಯುತ್ತದೆಂದು ಪೇಪರು ತರಿಸುವುದನ್ನು ನಿಲ್ಲಿಸಿದ್ದು ಅದೇ ಡಿಸೆಂಬರಿನಲ್ಲಿ. ಸದ್ಯ, ಅಮ್ಮನ ಕಣ್ಣಿಗೆ ಬೀಳಲಿಲ್ಲ. ದೇವರು ದೊಡ್ಡವನು ಎಂದುಕೊಂಡಳು.

ಬ್ಯಾಗಿನಲ್ಲಿದ್ದ ಹಾಳೆ ಅಮ್ಮನ ಕುಂಕುಮ ಅಳಿಸುವಂಥದು. ಅದನ್ನು ತೋರಿಸುವ ಧೈರ್ಯ ಅವಳಿಗಿರಲಿಲ್ಲ. ಆದರೆ ಅಪ್ಪನಿಗೆ ಇಷ್ಟು ವರ್ಷ ಎಳ್ಳು ನೀರು ಬಿಟ್ಟವರಿಲ್ಲ ಎಂಬುದನ್ನು ಸಹಿಸುವುದೂ ಆಗಲಿಲ್ಲ. ಶ್ರಾದ್ಧಕ್ಕೆ ತಾರೀಖು ನಡೆಯುವುದಿಲ್ಲ, ತಿಥಿ ಬೇಕು. ನೆಟ್ಟಗೆ ಮಠಕ್ಕೆ ನಡೆದಳು.

ಆನಂದತೀರ್ಥಾಚಾರ್ಯರು ಕಟ್ಟೆಯ ಮೇಲೆ ಕೂತಿದ್ದರು. ಶ್ರೀವಿದ್ಯಾಳ ಮನೆತನದ ಪುರೋಹಿತರು. ವರ್ಷಕ್ಕೊಮ್ಮೆ, ದೀಪಾವಳಿ ಕಳೆದು ಮೂರು ವಾರಕ್ಕೆ, ಅಮ್ಮ ಇವರಿಗೆ ಸ್ವಯಂಪಾಕ ಕೊಡುತ್ತಾಳೆ: ಮೊರದ ತುಂಬ ಅಕ್ಕಿ, ತೊಗರಿಬೇಳೆ, ಬೆಲ್ಲ, ಬಾಳೆಕಾಯಿ. ಯಾಕೆಂದು ಕೇಳಿದರೆ, "ಕಾರ್ತಿಕ ಮಾಸದ ದಾನ. ಎಲ್ಲೇ ಇರ್ಲಿ, ನಿಮ್ಮಪ್ಪಗ ಮುಟ್ಟಲಿ" ಎನ್ನುತ್ತಾಳೆ.

"ಬಾ ವಿದ್ಯಾ, ಕೂಡು," ಎಂದರು ಆಚಾರ್ಯರು.

ಅವಳು ಹಾಳೆ ಬಿಚ್ಚಿ ಕೊಟ್ಟಳು. ಅವರು ನಿಧಾನವಾಗಿ ಓದಿ ಮಡಚಿದರು. ಯಾರ ಸುದ್ದಿಯೆಂದು ಕೇಳಲಿಲ್ಲ.

"ತೊಂಬತ್ಮೂರನೇ ಇಸವಿ, ಡಿಸೆಂಬರ್ ಐದು, ಮಧ್ಯಾಹ್ನ. ತಿಥಿ ಯಾವುದು ಬರ್ತದ ನೋಡಿ ಹೇಳ್ರಿ ಆಚಾರ್ರ. ಗುಟ್ಟಿನಾಗ ಏನರೆ ಮಾಡಸ್ತೀನಿ. ಅಮ್ಮಗ ಮಾತ್ರ ಹೇಳಬ್ಯಾಡ್ರಿ. ಭಾಳ ಆಸೆ ಇಟ್ಕೊಂಡು ಕಾಯ್ಲಿಕತ್ಯಾಳ."

ಹಳೆಯ ಪಂಚಾಂಗಗಳೆಲ್ಲ ಒಳಗೆ ಕೆಂಪು ಬಟ್ಟೆಯ ಗಂಟಿನಲ್ಲಿದ್ದವು. ಆಚಾರ್ಯರು ಏಳಲಿಲ್ಲ.

"ಕಾರ್ತಿಕ ಬಹುಳ ಸಪ್ತಮಿ," ಎಂದರು.

"ಪಂಚಾಂಗ ನೋಡಲಾರದ ಹೆಂಗ ಹೇಳಿದ್ರಿ?"

"ಪ್ರತಿ ವರ್ಷ ನಿಮ್ಮಮ್ಮ ಸ್ವಯಂಪಾಕ ತರೋದು ಅವತ್ತೇ ಅಲ್ಲೇನವಾ?" ಅವರು ಹಾಳೆಯನ್ನು ಅವಳ ಕೈಗೆ ಮರಳಿ ಇಟ್ಟರು. "ಹದಿನೈದು ವರ್ಷದ ಹಿಂದ ಆಕೀನೂ ಇದೇ ಪೇಪರ್ ಹಿಡಕೊಂಡು ಇದೇ ಕಟ್ಟಿ ಮ್ಯಾಲ ಕೂತಿದ್ಲು. 'ನನ್ನ ಮಗಳಿಗೆ ಮಾತ್ರ ಹೇಳಬ್ಯಾಡ್ರಿ, ತಂಬಿಗಿ ನೀರಿಟ್ಟು ಅವರಪ್ಪನ ದಾರಿ ಕಾಯ್ಲಿಕತ್ತದ' ಅಂದಿದ್ಲು."