ಐವತ್ತು ನಿಮಿಷದ ಶಾಲೆ

ನಲವತ್ತೊಂಬತ್ತು ನಿಮಿಷ. ನಿನ್ನೆಗಿಂತ ಒಂದು ಕಡಿಮೆ.

ಎನಿಡ್ ಕೈಗಡಿಯಾರದಿಂದ ಕಣ್ಣೆತ್ತುವಷ್ಟರಲ್ಲಿ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕಗಳು ಮುಚ್ಚಿದ್ದವು. ಏಳು ವರ್ಷದ ಮೊಮ್ಮಗಳು ಕ್ಲೆಮ್ಮಿ ಗಂಬೂಟು ಏರಿಸಿಕೊಂಡು ಸೇಬಿನ ತೋಟದತ್ತ ಓಡಿಯಾಗಿತ್ತು.

"ಇಷ್ಟೇನಾ ಬ್ರೈಡಿ, ಇವತ್ತಿನ ಶಾಲೆ?"

"ಇಷ್ಟೇ ಅತ್ತೆ. ಈ ವಯಸ್ಸಿಗೆ ಸಾಕು," ಎಂದಳು ಸೊಸೆ, ಬ್ರೆಡ್ಡಿನ ಹಿಟ್ಟು ನಾದುತ್ತ. "ಮಿಕ್ಕಿದ್ದನ್ನ ಕೋಳಿಗಳು ಹೇಳಿಕೊಡ್ತವೆ."

ಹೋಬಾರ್ಟ್ ಪಟ್ಟಣದ ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ, ಈಗ ಮಗನ ಮನೆ ಸೇರಿದ್ದ ಎನಿಡ್‌ಗೆ ಕೋಳಿಗಳನ್ನು ಸಹೋದ್ಯೋಗಿಗಳೆಂದು ಒಪ್ಪಿಕೊಳ್ಳುವುದು ಆಗದ ಮಾತು. ಅದಕ್ಕೇ ಮಧ್ಯಾಹ್ನ ಎರಡರಿಂದ ಐದರವರೆಗೆ ಮಗುವನ್ನು ತಾವೇ ಕೂರಿಸಿಕೊಳ್ಳುತ್ತಿದ್ದರು. ಮೂವತ್ತು ಪದಗಳ ಕಾಗುಣಿತ, ಮಗ್ಗಿ, ಎರಡು ಪುಟ ಕಾಪಿ. ಅತ್ತೆಗೆ ಬೇಸರವಾದೀತೆಂದು ಬ್ರೈಡಿ ಬಾಯಿ ಬಿಡಲಿಲ್ಲ. ಕ್ಲೆಮ್ಮಿಯೂ ಎದುರಾಡಲಿಲ್ಲ. ಕಿಟಕಿಯಾಚೆ ನೋಡಿಕೊಂಡು ಬರೆಯುತ್ತಿದ್ದಳು.

ಆದರೂ ಎನಿಡ್‌ಗೆ ಸಮಾಧಾನವಿರಲಿಲ್ಲ. ತಾನು ಇನ್ನೆಷ್ಟು ದಿನ? ಆಮೇಲೆ ಈ ಮಗುವಿನ ಗತಿ? ಒಂದು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಶಿಕ್ಷಣ ಇಲಾಖೆಗೆ ದೂರು ಬರೆದೇಬಿಟ್ಟರು. ಅಧಿಕಾರಿಗಳು ಬೇಡವೆಂದರೆ, ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಲು ಇಲಾಖೆ ಕೊಟ್ಟಿದ್ದ ನೋಂದಣಿ ರದ್ದು. ಯಾರು ಬರೆದದ್ದೆಂದು ತಿಳಿದರೆ ಮಗ ಮಾತು ಬಿಡುವುದೂ ಖಂಡಿತ.

ಮಂಡಿ ನೋವು. ಅಂಗಡಿಯ ಪಕ್ಕದ ಅಂಚೆಪೆಟ್ಟಿಗೆಯವರೆಗೆ ನಡೆಯಲಾರರು. ವಿಳಾಸ ಬರೆದ ಲಕೋಟೆಯನ್ನು ಕ್ಲೆಮ್ಮಿಯ ಕೈಗಿಟ್ಟರು.

"ಲಕೋಟೆ ಅಂಟಿಸಿ ಪೆಟ್ಟಿಗೆಗೆ ಹಾಕಿ ಬಾ ಪುಟ್ಟಾ."

ದಿನಕ್ಕೆ ಐವತ್ತು ನಿಮಿಷ ಓದುವ ಮಗು ದೊಡ್ಡವರ ಕೈಬರಹ ಓದೀತೆಂಬ ಭಯ ಅವರಿಗಿರಲಿಲ್ಲ.

ಕ್ಲೆಮ್ಮಿ ಬರುವಾಗ ಊಟದ ಹೊತ್ತು. "ಇಷ್ಟು ಹೊತ್ತಾ?"

"ಸರಿಯಾಗಿ ಮಾಡಬೇಕು ಅಂತ ನೀವೇ ಹೇಳ್ತೀರಲ್ಲ ಅಜ್ಜಿ."

ಹನ್ನೆರಡನೆಯ ದಿನ ಇಲಾಖೆಯ ರೋಸ್ಲಿನ್ ಬಂದರು. ಪುಸ್ತಕಗಳನ್ನು ತಿರುವಿದರು. ಕ್ಲೆಮ್ಮಿಯ ಜೊತೆ ತೋಟ ಸುತ್ತಿ ಬಂದರು. ಒಳಗೆ ಬ್ರೈಡಿ ಅದೇ ಟೀ ಬಟ್ಟಲನ್ನು ಮೂರನೆಯ ಸಲ ತೊಳೆಯುತ್ತಿದ್ದುದನ್ನು ಕಂಡು ಎನಿಡ್‌ಗೆ ಮೊದಲ ಸಲ ಪಿಚ್ಚೆನಿಸಿತು. ಆಮೇಲೆ ಅಧಿಕಾರಿ ಎನಿಡ್‌ರನ್ನು ಜಗಲಿಗೆ ಕರೆದರು.

"ಈ ಮನೇಲಿ ಮಗುವಿನ ಓದಿನ ವಿಷಯದಲ್ಲಿ ಅನ್ಯಾಯ ಆಗ್ತಿದೆ ಅಂತ ದೂರು ಬಂದಿದೆ."

"ಹೌದಾ!" ಮೂವತ್ತೆಂಟು ವರ್ಷದಲ್ಲಿ ಕಲಿತ ಅಚ್ಚರಿಯನ್ನೆಲ್ಲ ಎನಿಡ್ ಅದರಲ್ಲಿ ತುಂಬಿದರು.

"ಬಹಳ ಚೆನ್ನಾಗಿ ಬರೆದಿದ್ದಾರೆ. ಒಂದೂ ತಪ್ಪಿಲ್ಲ."

"ಒಳ್ಳೆ ಕಡೆ ಕಲಿತವರಿರಬೇಕು," ಎನಿಡ್‌ರ ಕೆನ್ನೆ ಕೆಂಪಾಯಿತು.

"ನೀವೂ ಪಾಠ ಹೇಳ್ತೀರಂತೆ?"

"ಎರಡರಿಂದ ಐದು. ಭಾನುವಾರಾನೂ ಬಿಡಲ್ಲ!"

"ದೂರಿನಲ್ಲೂ ಹಾಗೇ ಇದೆ," ರೋಸ್ಲಿನ್ ಗುರುತು ಹಾಕಿಕೊಂಡರು.

ತಾನು ಹಾಗೆ ಬರೆದ ನೆನಪು ಎನಿಡ್‌ಗೆ ಬರಲಿಲ್ಲ. "ಮತ್ತೆ... ಕ್ರಮ ತಗೋತೀರಾ?"

"ತಗೊಂಡಾಯ್ತು. ಬೆಳಗಿನ ಐವತ್ತು ನಿಮಿಷ ಧಾರಾಳವಾಗಿ ಸಾಕು ಅಂತ ವರದಿ ಬರೀತೀನಿ. ಅದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ." ಅವರು ಲಕೋಟೆಯಿಂದ ಹಾಳೆ ತೆಗೆದು ಕೊಟ್ಟರು.

ಲಕೋಟೆಯ ಮೇಲಿನ ಬರಹ ಎನಿಡ್‌ರದೇ. ಒಳಗಿನದು ಪೆನ್ಸಿಲಿನದು, ದುಂಡಗೆ: "ಮಾನ್ಯರೇ, ನನಗೆ ಏಳು ವರ್ಷ. ಅಮ್ಮನ ಪಾಠ ಬೇಗ ಮುಗಿಯುತ್ತದೆ, ನೆನಪಿರುತ್ತದೆ. ಅಜ್ಜಿಯದು ಎರಡರಿಂದ ಐದು, ಭಾನುವಾರವೂ ಇರುತ್ತದೆ, ಮುಗಿಯುವುದೇ ಇಲ್ಲ. ಅವರು ಒಳ್ಳೆಯವರು, ಬೈಯಬೇಡಿ. ಅವರಿಗೆ ಶಾಲೆ ಮುಗಿಯಿತು ಎಂದು ಯಾರೂ ಹೇಳಿಲ್ಲ, ದಯವಿಟ್ಟು ನೀವೇ ಬಂದು ಹೇಳಿ."