ಹೊಂಗೆ ಸಸಿಯ ಬುಡ

ಬರಕ್ಕೆ ಬಗ್ಗದ, ರೋಗಕ್ಕೆ ಅಂಜದ ಮರವಾಗಲೆಂದು ಗುರುಬಸವ್ವ ಮನೆಮುಂದೆ ಹೊಂಗೆ ಸಸಿ ನೆಟ್ಟಿದ್ದಳು. ದಿನವೂ ಸಂಜೆ ಕೊಡ ತುಂಬ ನೀರೆರೆದರೂ ಎಲೆಗಳು ಹಳದಿಯಾದವು, ಬುಡ ನಾರತೊಡಗಿತು. ಎದುರುಮನೆಯ ಸಿದ್ರಾಮಪ್ಪ ನೆಡುವ ದಿನವೇ "ಎಲಿ ಉದುರಿ ನಮ್ಮ ಅಂಗಳ ಹೊಲಸಾಗತೈತಿ" ಎಂದು ಜಗಳ ತೆಗೆದಿದ್ದ. ಅವನೇ ಏನೋ ಸುರಿಯುತ್ತಿದ್ದಾನೆಂದು ಅವಳ ಗುಮಾನಿ.

ಒಂದು ಬೆಳಿಗ್ಗೆ ಅವನು ಬುಡಕ್ಕೆ ಕೊಡ ಬಗ್ಗಿಸುತ್ತಿದ್ದಾಗಲೇ ಹೊರಗೆ ಬಂದಳು.

"ಏನ್ ವಿಷಾ ಹಾಕಾಕತ್ತೀರಿ?"

ಸಿದ್ರಾಮಪ್ಪ ಬೊಗಸೆಯಲ್ಲಿ ಹಿಡಿದು ಕುಡಿದು ತೋರಿಸಿದ.

"ಬರೇ ನೀರವ್ವ. ಹಾಸಿಗಿ ಹಿಡಿದ ನಮ್ಮಾಕಿ, ನೆರಳಾದ್ರ ಹೊರಗ ಮಲಗ್ತೀನಿ ಅಂತಾಳ. ಜಗಳಾಡಿದ ಬಾಯಿಲೆ ಹೆಂಗ ಹೇಳ್ಲಿ? ದಿನಾ ಕದ್ದು ಒಂದ್ ಕೊಡ ಹಾಕ್ತೀನಿ."

ಗುರುಬಸವ್ವ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಣ್ಣಾ, ನಾನೂ ದಿನಾ ಹಾಕ್ತೀನಲ್ಲ! ಇಬ್ಬರೂ ಕೂಡಿ ಬೇರು ಕೊಳಸೀವಿ."